ಸಹಾಯ ಬೇಕು: ಪರ್ನಿಶಿಯಸ್ ಅನೀಮಿಯಾ ಸರಿಯಾಗಿ ಗೊತ್ತಿರೋ ಡಾಕ್ಟರ್ ಶಿವಮೊಗ್ಗ ಕಡೆ ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ, ಪರ್ನಿಶಿಯಸ್ ಅನೀಮಿಯಾ ಇದೆ (ಹೊಟ್ಟೆ ಬಿ12 ವಿಟಮಿನ್ ಹೀರಿಕೊಳ್ಳದೆ ಬರೋ ರಕ್ತಹೀನತೆ). ಬಿ12 ತೀರಾ ಕಡಿಮೆ ಇತ್ತು, ಎಂಸಿವಿ (ಕೆಂಪು ರಕ್ತಕಣದ ಗಾತ್ರ) 112, ಅಂದ್ರೆ ಜಾಸ್ತಿ, ಇಂಟ್ರಿನ್ಸಿಕ್ ಫ್ಯಾಕ್ಟರ್ ಆ್ಯಂಟಿಬಾಡಿ (ಬಿ12 ಹೀರಿಕೊಳ್ಳೋಕೆ ಬೇಕಾದ ಪ್ರೋಟೀನನ್ನು ತಡೆಯೋ ಅಂಶ) ಪಾಸಿಟಿವ್. ಬಯಾಪ್ಸಿಯಲ್ಲೂ ಜಠರದ ಒಳಪದರ ಸವೆದಿದೆ ಅಂತಲೇ ಬಂದಿದೆ. ಬಿ12 ಇಂಜೆಕ್ಷನ್ ಶುರುವಾದ ಮೇಲೆ ಹಿಮೋಗ್ಲೋಬಿನ್ ಏರಿತು. ಆದರೆ ಪಾದದ ಜೋಮು ಹೋಗಿಲ್ಲ, ಕಣ್ಣು ಮುಚ್ಚಿ ನಿಂತರೆ ತೂರಾಡ್ತಾರೆ.

ಈಗ ರಕ್ತದಲ್ಲಿ ಬಿ12 2000 ದಾಟಿದೆ ಅಂತ ಡಾಕ್ಟರ್ ಇಂಜೆಕ್ಷನ್ ನಿಲ್ಲಿಸಿ ಬರೀ ಫೋಲಿಕ್ ಆಸಿಡ್ ಬರೆದಿದ್ದಾರೆ, ಹಾಲು-ಮೊಸರು ಜಾಸ್ತಿ ಕೊಡಿ ಅಂದಿದ್ದಾರೆ. ಇಂಜೆಕ್ಷನ್ ತಗೊಂಡವರಲ್ಲಿ ಆ ಸಂಖ್ಯೆ ಏರೋದು ಸಹಜ, ಹೊಟ್ಟೆ ಬಿ12 ಹೀರಿಕೊಳ್ತಿದೆ ಅಂತ ಅರ್ಥ ಅಲ್ಲ. ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತ ಸರಿಯಾದಂತೆ ಕಾಣುತ್ತೆ, ನರ ಒಳಗೊಳಗೇ ಹಾಳಾಗುತ್ತೆ. ನಮ್ಮ ಭಯ ಅದೇ.

ಗ್ಯಾಸ್ಟ್ರೋದವರು ಫಿಸಿಷಿಯನ್ ಹತ್ರ ಹೋಗಿ ಅಂತಾರೆ, ನ್ಯೂರೋದವರು ಶುಗರ್ ಟೆಸ್ಟ್ ಮಾಡಿಸಿ ಕಳಿಸಿದ್ರು. ಜವಾಬ್ದಾರಿ ಯಾರದ್ದು ಅಂತಲೇ ತಿಳೀತಿಲ್ಲ.

ನನ್ನ ಪ್ರಶ್ನೆ: ಮೊದಲು ಹೆಮಟಾಲಜಿಸ್ಟ್ (ರಕ್ತದ ಡಾಕ್ಟರ್) ನೋಡಬೇಕಾ, ನ್ಯೂರಾಲಜಿಸ್ಟಾ (ನರದ ಡಾಕ್ಟರ್)? ರಿಪೋರ್ಟಿನ ಸಂಖ್ಯೆ ಬಿಟ್ಟು ಲಕ್ಷಣ ನೋಡಿ ಜೀವನಪೂರ್ತಿ ಇಂಜೆಕ್ಷನ್ ಮುಂದುವರಿಸೋ ಡಾಕ್ಟರ್ ಶಿವಮೊಗ್ಗ, ದಾವಣಗೆರೆ ಅಥವಾ ಮಣಿಪಾಲದಲ್ಲಿ ನಿಮಗೆ ಗೊತ್ತಾ? ನಿಮ್ಮ ಮನೆಯವರಿಗೇ ತೋರಿಸಿದ್ದರೆ ದಯವಿಟ್ಟು ತಿಳಿಸಿ.