ಕಿಲ್ಲಾರಿ ಭೂಕಂಪ: ಅಷ್ಟು ಸಾವುಗಳಿಗೆ ಕಾರಣವೇನು?

ಪ್ರಶ್ನೆ: 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಸಂಭವಿಸಿದ 6.2 ತೀವ್ರತೆಯ ಭೂಕಂಪಕ್ಕೆ ಸುಮಾರು 10 ಸಾವಿರ ಜನ ಬಲಿಯಾದರು. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 6.9ರ ಭೂಕಂಪವಾದಾಗ ಸತ್ತವರು 63 ಮಂದಿ. ಈ ಅಂತರಕ್ಕೆ ಕಾರಣವೇನು?

ಉತ್ತರ 1: ಮುಖ್ಯ ಕಾರಣ ಮನೆಗಳೇ. ಬೀದರ್, ಕಲಬುರಗಿಯ ಹಳ್ಳಿಗಳಲ್ಲಿ ಇಂದಿಗೂ ಕಾಣುವಂತೆ, ಅಲ್ಲಿಯೂ ಕಾಡುಗಲ್ಲುಗಳನ್ನು ಬರೀ ಮಣ್ಣಿನಲ್ಲಿ ಕೂಡಿಸಿ ದಪ್ಪ ಗೋಡೆ ಎಬ್ಬಿಸಿ, ಮರದ ತೊಲೆ, ಜಂತೆಗಳ ಮೇಲೆ ಮಣ್ಣಿನ ಮಾಳಿಗೆ ಹಾಕುತ್ತಿದ್ದರು. ಗೋಡೆಯ ಒಳಮೈ ಹೊರಮೈಗಳನ್ನು ಬೆಸೆಯುವ ಉದ್ದನೆಯ ಅಡ್ಡಗಲ್ಲುಗಳಿಲ್ಲದ ಕಾರಣ, ನೆಲ ಅಲುಗಿದೊಡನೆ ಎರಡೂ ಮೈಗಳು ಬೇರ್ಪಟ್ಟು, ಮಲಗಿದ್ದವರ ಮೇಲೆ ಕಲ್ಲು, ಮಣ್ಣು ಒಟ್ಟಿಗೆ ಕುಸಿದವು.

ಉತ್ತರ 2: ಒಪ್ಪುತ್ತೇನೆ, ಆದರೆ ಬಡವರೇ ಹೆಚ್ಚು ಅಪಾಯಕ್ಕೆ ಸಿಲುಕುತ್ತಾರೆಂಬ ಮಾತು ಇಲ್ಲಿ ಪೂರ್ತಿ ಹೊಂದುವುದಿಲ್ಲ. ಹಗುರವಾದ ಹುಲ್ಲಿನ ಗುಡಿಸಲುಗಳಲ್ಲಿದ್ದವರು ಬದುಕುಳಿದರು. ಭದ್ರವೆಂದು ನಂಬಿದ್ದ ಕಲ್ಲಿನ ಮನೆಗಳೇ ಕೊಂದವು. ಬಡತನದ ಪೆಟ್ಟು ಬಹುಶಃ ಆಮೇಲೆ, ಮನೆ ಮತ್ತೆ ಕಟ್ಟಿಕೊಳ್ಳುವಾಗ ಬಿದ್ದೀತು.

ಉತ್ತರ 3: ನಕ್ಷೆಯ ಪಾತ್ರವನ್ನೂ ಮರೆಯಬಾರದು. ಆಗಿನ ಭೂಕಂಪ ವಲಯ ನಕ್ಷೆಯಲ್ಲಿ ಈ ಪ್ರದೇಶ ಅತಿ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. ಹಾಗಿರುವಾಗ ಕಟ್ಟುವವರು ಎಚ್ಚರ ವಹಿಸಲು ಕಾರಣವೇ ಇರಲಿಲ್ಲ. 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ಕೈಬಿಟ್ಟು, ಕಿಲ್ಲಾರಿಯನ್ನು 3ನೇ ವಲಯಕ್ಕೆ ಸೇರಿಸಲಾಯಿತು.