‘ದಿಕ್ಪಾತ’, ‘ನತಿ’: ಕನ್ನಡದಲ್ಲಿ ಬೇರೆ ಪದಗಳಿವೆಯೇ?

ಬಲ್ಲವರಿಗೆಲ್ಲ ವಿಜಯಪುರದಿಂದ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಮುಂಬೈ ಬಳಿಯ ಅಲಿಬಾಗಿನಲ್ಲಿ ಭೂಮಿಯ ಕಾಂತಕ್ಷೇತ್ರವನ್ನು ಅಳೆಯುವ ಭೂಕಾಂತ ವೀಕ್ಷಣಾಲಯದ ಬಗ್ಗೆ ಗೋಡೆಪತ್ರಿಕೆ ಬರೆಯುತ್ತಿದ್ದೇನೆ. ಮುಂಬೈಯ ಕೊಲಾಬಾದಲ್ಲಿ 1841ರಿಂದ ನಡೆದುಬಂದ ಅಳತೆಗೆ ವಿದ್ಯುತ್ ಟ್ರಾಮ್‌ಗಳಿಂದ ಅಡ್ಡಿಯಾಗುತ್ತದೆಂದು 1904ರಲ್ಲಿ ಅಲಿಬಾಗಿನಲ್ಲಿ ಕೆಲಸ ಆರಂಭಿಸಿದರು. ಲೆಕ್ಕದ ಕೊಂಡಿ ಕಳಚದಿರಲೆಂದು ಎರಡು ವರ್ಷ ಎರಡೂ ಕಡೆ ಅಳೆದರು. ಇಷ್ಟನ್ನು ಸರಾಗವಾಗಿ ಬರೆದೆ. ಅಲ್ಲಿ ಅಳೆಯುವುದೇನು ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು.

ಕೋನಗಳು ಎರಡು. ದಿಕ್ಸೂಚಿಯ ಸೂಜಿ ನಿಜವಾದ ಉತ್ತರದಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ಸರಿದಿದೆ ಎಂಬುದನ್ನು ಪುಸ್ತಕಗಳು ‘ದಿಕ್ಪಾತ’ ಎನ್ನುತ್ತವೆ. ಮೇಲೆ ಕೆಳಗೆ ಆಡಲು ಬಿಟ್ಟ ಸೂಜಿ ನೆಲದ ಕಡೆಗೆ ಎಷ್ಟು ಬಾಗುತ್ತದೆ ಎಂಬುದು ‘ನತಿ’. ಮಕ್ಕಳು ಇವೆರಡನ್ನೂ ಅದಲುಬದಲು ಮಾಡುತ್ತಾರೆ. ತಪ್ಪು ಅವರದಲ್ಲ. ಹಿಮಪಾತ, ಪ್ರಪಾತ ಕೇಳಿದ ಕಿವಿಗೆ ‘ಪಾತ’ ಎಂದರೆ ಬೀಳುವುದು. ಕೆಳಕ್ಕೆ ಬಾಗುವುದೇ ದಿಕ್ಪಾತ ಎಂದುಕೊಳ್ಳುವುದು ಸಹಜ. ‘ನತಿ’ಯೊಳಗಿನ ನಮನ ಎಂಟನೆಯ ತರಗತಿಯ ಹುಡುಗಿಗೆ ಕಾಣುವುದಿಲ್ಲ.

ಮೊದಲನೆಯದಕ್ಕೆ ‘ಓರೆ’ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಕಡೆ ಈ ಓರೆ ಎರಡು ಡಿಗ್ರಿಯನ್ನೂ ಮುಟ್ಟುವುದಿಲ್ಲ. (ಆದರೆ ನಮ್ಮ ಕಪ್ಪುಕಲ್ಲಿನಲ್ಲಿ ಕಾಂತಗುಣದ ಕಬ್ಬಿಣದ ಖನಿಜವಿದೆ, ಬಂಡೆಯ ಮೇಲಿಟ್ಟ ದಿಕ್ಸೂಚಿಯನ್ನು ನಂಬಬಾರದೆಂದು ಮಕ್ಕಳಿಗೆ ಹೇಳಿದ್ದೇನೆ.)

ತೊಡಕಿರುವುದು ಎರಡನೆಯದರಲ್ಲಿ. ಭಾರತದ ದಕ್ಷಿಣ ತುದಿಯ ಬಳಿ ಸೂಜಿ ಹೆಚ್ಚುಕಡಿಮೆ ಮಟ್ಟಸವಾಗಿ ನಿಲ್ಲುತ್ತದೆ. ಉತ್ತರಕ್ಕೆ ಬಂದಂತೆ ಅದರ ಉತ್ತರದ ತುದಿ ಕೆಳಗಿಳಿಯುತ್ತದೆ, ಇಲ್ಲಿ ಸುಮಾರು 20 ಡಿಗ್ರಿ. ಇದಕ್ಕೆ ‘ತಗ್ಗು’ ಎಂದು ಬರೆದೆ. ನಮ್ಮೂರಿನಲ್ಲಿ ತಗ್ಗು ಎಂದರೆ ಗುಂಡಿ. ಸೂಜಿಯಲ್ಲಿ ಕುಳಿ ಎಲ್ಲಿದೆ ಎಂದು ಒಬ್ಬ ಹುಡುಗ ಕೇಳಿದ. ‘ವಾಲು’ ಪಕ್ಕಕ್ಕೂ ಸಲ್ಲುತ್ತದೆ. ಭಾರ ಹೆಚ್ಚಾದ ತಕ್ಕಡಿಯ ತಟ್ಟೆ ಕೆಳಗೆ ಜಗ್ಗುವುದನ್ನು ನೆನೆದು ‘ಜಗ್ಗು’ ಎನ್ನೋಣವೆಂದರೆ, ಹಗ್ಗ ಎಳೆಯುವುದನ್ನೂ ಇಲ್ಲಿ ಜಗ್ಗುವುದು ಎಂದೇ ಹೇಳುತ್ತಾರೆ. ಆ ಅರ್ಥ ಬರಕೂಡದು. ಭೂಮಿಯ ಕಾಂತಕ್ಷೇತ್ರ ಸೂಜಿಯನ್ನು ತಿರುಗಿಸಿ ನಿಲ್ಲಿಸುತ್ತದೆ, ತನ್ನತ್ತ ಎಳೆದುಕೊಳ್ಳುವುದಿಲ್ಲ. ಮಕ್ಕಳು ಇದೊಂದನ್ನು ತಪ್ಪಾಗಿ ಕಲಿತರೆ ಮುಂದೆ ತಿದ್ದುವುದು ಕಷ್ಟ.

ಬಂಡಿಯಲ್ಲಿ ಮುಂದಿನ ಭಾರ ಹೆಚ್ಚಾಗಿ ಮೂಕಿ ನೆಲದ ಕಡೆಗೆ ಇಳಿದರೆ ನಿಮ್ಮ ಕಡೆಯ ರೈತರು ಅದಕ್ಕೆ ಏನೆನ್ನುತ್ತಾರೆ? ಬಾಗಲಕೋಟೆ, ಬೆಳಗಾವಿಯ ಕಡೆಯವರು ಮನೆಯ ಹಿರಿಯರನ್ನು ಕೇಳಿ ತಿಳಿಸಿದರೂ ಉಪಕಾರವಾಗುತ್ತದೆ.