ಸವೆದ ಎಂಜಿನ್ನಿನ 1969ರ ಫಿಯೆಟ್‌ನಲ್ಲಿ ಶಿರಾಡಿ ಘಾಟಿ ಇಳಿದು ಹತ್ತಿ ಬರಬಹುದೇ?

ಪ್ರಶ್ನೆ: ಹಳೇಫಿಯೆಟ್

ತಂದೆಯವರ ಕಾಲದಿಂದ ಮನೆಯಲ್ಲಿರುವ 1969ರ ಫಿಯೆಟ್ 1100ಡಿ ಕಾರಿನಲ್ಲಿ, ಏಪ್ರಿಲ್ ತಿಂಗಳಿನಲ್ಲಿ ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಮಂಗಳೂರಿನ ಮೂಲಕ ಉಡುಪಿಗೆ ಹೋಗಿ ಅದೇ ದಾರಿಯಲ್ಲಿ ಮರಳಬೇಕೆಂದಿದ್ದೇನೆ. ಹೋಗಿ ಬರಲು ಸುಮಾರು 800 ಕಿ.ಮೀ. ಆಗುತ್ತದೆ. 1089 ಸಿಸಿ ಎಂಜಿನ್ ಈಗಲೂ ಬೆಳಗಿನ ಮೊದಲ ಸೆಲ್ಫ್ ಸ್ಟಾರ್ಟಿಗೇ ಚಾಲೂ ಆಗುತ್ತದೆ. ಆದರೆ 300 ಕಿ.ಮೀ.ಗೆ ಅರ್ಧ ಲೀಟರ್ ಆಯಿಲ್ ಕುಡಿಯುತ್ತದೆ, ಕಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಒತ್ತಡ ಕಡಿಮೆಯೆಂದು ಎಚ್ಚರಿಸುವ ದೀಪ ಮಿಣುಕುತ್ತದೆ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ, ಪಿಎಸ್‌ಐ ಅದರ ಅಳತೆ) ಮೂರನೆಯ ಸಿಲಿಂಡರಿನಲ್ಲಿ 90 ಪಿಎಸ್‌ಐ, ಉಳಿದವುಗಳಲ್ಲಿ 115ರ ಆಸುಪಾಸು ಇದೆ. ಬೋರ್ ಕೆಲಸವನ್ನು (ಸವೆದ ಸಿಲಿಂಡರ್ ಕೊರೆದು ಸರಿಪಡಿಸುವುದು) ಮಳೆಗಾಲಕ್ಕೆ ಇಟ್ಟುಕೊಂಡಿದ್ದೇನೆ. ಅಲ್ಲಿಯವರೆಗೆ ಇನ್ನೂ ಗಟ್ಟಿ ಆಯಿಲ್ ಹಾಕಿ ಓಡಿಸಬಹುದೇ?

ಉತ್ತರ 1: ಗ್ಯಾರೇಜ್ ಮೂಲೆ

ಮೊದಲು ಮೂರನೆಯ ಸಿಲಿಂಡರಿನ ಪ್ಲಗ್ ಬಿಚ್ಚಿ, ಒಂದು ಚಮಚ ಆಯಿಲ್ ಒಳಗೆ ಹಾಕಿ ಮತ್ತೊಮ್ಮೆ ಅಳೆಯಿರಿ. ಒತ್ತಡ ಏರಿದರೆ ಸವೆದಿರುವುದು ಪಿಸ್ಟನ್ನಿನ ರಿಂಗ್ ಅಥವಾ ಬೋರ್, ಅಂದರೆ ಸಿಲಿಂಡರಿನ ಒಳಗೋಡೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲವೆಂದು ತಿಳಿಯಬೇಕು. ಸುಟ್ಟ ವಾಲ್ವನ್ನು ಹೊತ್ತು ಘಾಟಿ ಹತ್ತುವುದು ಬೇಡ. ರಿಂಗ್ ಸವೆತವಾದರೆ ಆಯಿಲ್ ಡಬ್ಬಿ ಜೊತೆಗಿಟ್ಟುಕೊಂಡು ಹೋಗಿ ಬರಬಹುದು.

ನನಗೆ ಆಯಿಲ್ ಖರ್ಚಿಗಿಂತ ಆ ದೀಪದ ಚಿಂತೆಯೇ ಹೆಚ್ಚು. ದೀಪದ ಸ್ವಿಚ್ಚಿನ ಜಾಗದಲ್ಲಿ ಆಯಿಲ್ ಒತ್ತಡದ ಮೀಟರ್ ಹಾಕಿಸಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಐಡ್ಲಿಂಗ್‌ನಲ್ಲಿಯೂ ಓಟದಲ್ಲಿಯೂ ಒತ್ತಡ ನೋಡಿ. ಓಟದಲ್ಲಿ ದೀಪ ಮಿಣುಕಿದರೆ ಬೇರಿಂಗ್ ಸವೆದಿರುವ ಸಂಭವವಿದೆ. ಆಗ ಪ್ರಯಾಣವನ್ನು ಮುಂದೂಡುವುದೇ ಸರಿ. ಆಯಿಲ್ 20ಡಬ್ಲ್ಯು-50 ದರ್ಜೆಯದು ಸಾಕು. ಅದಕ್ಕಿಂತ ಗಟ್ಟಿಯಾದದ್ದು ತಣ್ಣಗಿನ ಸ್ಟಾರ್ಟ್‌ನಲ್ಲಿ ಮೇಲೆ ವಾಲ್ವ್ ಒತ್ತುವ ರಾಕರ್‌ಗಳನ್ನು ಮುಟ್ಟುವಷ್ಟರಲ್ಲಿ ತಡವಾಗುತ್ತದೆ. ಪ್ರತಿ 100 ಕಿ.ಮೀ.ಗೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಐದು ನಿಮಿಷ ಬಿಟ್ಟು, ಆಯಿಲ್ ಮಟ್ಟ ಅಳೆಯುವ ಕಡ್ಡಿ ಒರೆಸಿ ನೋಡಿ.

ಉತ್ತರ 2: ಘಾಟಿ ಕೆಳಗಿನವನು

ಎಲ್ಲರೂ ಏರಿಗೆ ಹೆದರುತ್ತಾರೆ, ಆದರೆ ಇಂಥ ಎಂಜಿನ್ ಇಳಿಜಾರಿನಲ್ಲಿಯೇ ಹೆಚ್ಚು ಆಯಿಲ್ ಕುಡಿಯುತ್ತದೆ. ಸಕಲೇಶಪುರ ದಾಟಿ ಘಾಟಿಯ ಬುಡದ ಗುಂಡ್ಯದ ಕಡೆಗೆ ಗೇರಿನಲ್ಲಿ, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಥ್ರಾಟಲ್ ಮುಚ್ಚಿರುವುದರಿಂದ ಸಿಲಿಂಡರಿನೊಳಗೆ ನಿರ್ವಾತ ಹೆಚ್ಚಾಗಿ, ಸವೆದ ರಿಂಗುಗಳ ಸಂದಿನಿಂದಲೂ ವಾಲ್ವ್ ಗೈಡುಗಳಿಂದಲೂ ಆಯಿಲ್ ಮೇಲಕ್ಕೆ ಬಂದು ಪ್ಲಗ್ ಒದ್ದೆಯಾಗುತ್ತದೆ. ಹಾಗೆಂದು ನ್ಯೂಟ್ರಲ್ ಹಾಕಬೇಡಿ. ನಾಲ್ಕೂ ಚಕ್ರಗಳಲ್ಲಿ ಡ್ರಮ್ ಬ್ರೇಕ್ ಇರುವ ಕಾರು ಅದು, ಕಾದರೆ ಹಿಡಿಯುವುದಿಲ್ಲ. ಗೇರಿನಲ್ಲಿಯೇ ಇಳಿಯುತ್ತ, ರಸ್ತೆ ತೆರವಿದ್ದಾಗ ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಡಿ. ಹಿಂದೆ ನೀಲಿ ಹೊಗೆ ಏಳುತ್ತದೆ, ಬಸ್ಸಿನವರು ಹಾರ್ನ್ ಹೊಡೆಯುತ್ತಾರೆ, ಏನೂ ಮಾಡಲಾಗುವುದಿಲ್ಲ. ಎರಡು ಹೊಸ ಪ್ಲಗ್ ಮತ್ತು ಪ್ಲಗ್ ಸ್ಪ್ಯಾನರ್ ಕೈಗೆಟುಕುವಂತಿರಲಿ.

ಉತ್ತರ 3: ಕಾರ್ಬುರೇಟರ್ ಪ್ರಿಯ

ಮರಳುವಾಗಿನ ಏರಿನಲ್ಲಿ ಪೆಟ್ರೋಲ್ ಪಂಪ್ ಕಾಡುತ್ತದೆ. ಅದು ಎಂಜಿನ್ನಿಗೆ ಅಂಟಿಕೊಂಡೇ ಇರುವುದರಿಂದ, ಏಪ್ರಿಲ್ ಸೆಕೆಯಲ್ಲಿ ನಿಧಾನವಾಗಿ ಹತ್ತುವಾಗ ಒಳಗಿನ ಪೆಟ್ರೋಲ್ ಆವಿಯಾಗಿ ಗಾಡಿ ಮುಗ್ಗರಿಸುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುವ ಹಳೆಯ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಬಟ್ಟೆ ಫ್ಯಾನ್ ಬೆಲ್ಟಿಗೆ ಸಿಕ್ಕದಂತೆ ಮಾತ್ರ ನೋಡಿಕೊಳ್ಳಿ. ಈಗಿನ ಶೇ. 20ರ ಎಥೆನಾಲ್ ಪೆಟ್ರೋಲ್ ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಂ (ಒಳಪೊರೆ)ಗಳನ್ನು ಹಾಳು ಮಾಡುವುದರಿಂದ, ಅವನ್ನು ಹೊರಡುವ ಮೊದಲೇ ಬದಲಿಸಿಬಿಡಿ. ಬೆಳಿಗ್ಗೆ ಆರು ಗಂಟೆಯೊಳಗೆ ಗುಂಡ್ಯ ಬಿಟ್ಟರೆ ಅರ್ಧ ಕಷ್ಟ ಕಡಿಮೆ. ಮೂರನೆಯ ಗೇರಿನಲ್ಲಿ ಎಳೆಯಲಾರದೆ ನಡುಗುವ ಮೊದಲೇ ಎರಡನೆಯದಕ್ಕೆ ಬನ್ನಿ. ಮೇಲೆ ತಲುಪಿದ ಕೂಡಲೇ ಎಂಜಿನ್ ನಿಲ್ಲಿಸದೆ ಎರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ.

ಹಳೇಫಿಯೆಟ್

ತಮ್ಮೆಲ್ಲರಿಗೂ ವಂದನೆಗಳು. ಆಯಿಲ್ ಹಾಕಿ ಅಳೆದಾಗ ಮೂರನೆಯ ಸಿಲಿಂಡರ್ 90ರಿಂದ 112ಕ್ಕೆ ಏರಿತು, ಅಂದರೆ ರಿಂಗ್. ಮೀಟರಿನಲ್ಲಿ ಕಾದ ಎಂಜಿನ್ ಐಡ್ಲಿಂಗ್‌ನಲ್ಲಿ 10, ಗಂಟೆಗೆ 60 ಕಿ.ಮೀ. ವೇಗದಲ್ಲಿ 38 ಪಿಎಸ್‌ಐ ತೋರಿಸಿತು. ಪೈಪು, ಡಯಾಫ್ರಾಂ ಬದಲಿಸಲು ಕೊಟ್ಟಿದ್ದೇನೆ. ಡಿಕ್ಕಿಯಲ್ಲಿ ನಾಲ್ಕು ಲೀಟರ್ ಆಯಿಲ್ ಮತ್ತು ಒಂದು ಹಳೆಯ ಪಂಚೆ ಈಗಾಗಲೇ ಕೂತಿವೆ.